ಹೊಸ ಭಾಷೆ ಕಟ್ಟುವುದನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನನ್ನದೇ ಒಂದು ಕೃತಕ ಭಾಷೆಯನ್ನು ಕಟ್ಟಬೇಕೆಂಬ ಆಸೆಯಿಂದ ನೋಟ್‌ಪುಸ್ತಕದಲ್ಲಿ ಸುಮಾರು 300 ಪದಗಳನ್ನು ಬರೆದಿಟ್ಟಿದ್ದೇನೆ. ಆದರೆ ‘ನನಗೆ ಹಸಿವಾಗಿದೆ’ ಎಂಬುದನ್ನು ಅದರಲ್ಲಿ ಬರೆಯಹೊರಟರೆ, ವೇಷ ಬದಲಿಸಿದ ಕನ್ನಡವೇ ಎದುರು ನಿಲ್ಲುತ್ತದೆ. ಎಲ್ಲಿ ತಪ್ಪಿದ್ದೇನೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನೀವು ಎತ್ತಿಕೊಂಡ ವಾಕ್ಯದಲ್ಲೇ ಉತ್ತರವಿದೆ. ಕನ್ನಡದಲ್ಲಿ ಹಸಿವು ನಮಗೆ ‘ಆಗುತ್ತದೆ’, ಹಸಿದವನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಇಂಗ್ಲಿಷಿನಲ್ಲಿ ಅವನೇ ಕರ್ತೃ. ಫ್ರೆಂಚಿನಲ್ಲಿ ಹಸಿವು ಅವನು ‘ಹೊಂದಿರುವ’ ವಸ್ತು. ನಿಮ್ಮ ಭಾಷೆ ಇದನ್ನು ಹೇಗೆ ಕಾಣುತ್ತದೆಂದು ನಿರ್ಧರಿಸುವ ಮೊದಲೇ ಪದಗಳನ್ನು ಪೇರಿಸಿದ್ದರಿಂದ, ವ್ಯಾಕರಣವು ತಾನಾಗಿಯೇ ಕನ್ನಡದಿಂದ ಹರಿದು ಬಂದಿದೆ.

ಉತ್ತರ 2: ಪದಗಳಿಗೆ ಅವಸರ ಬೇಡ. 1887ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ಭಾಷೆಯನ್ನು ಪ್ರಕಟಿಸಿದಾಗ ಅದನ್ನು ಕಟ್ಟಿದ ಜಾಮೆನ್‌ಹಾಫ್ ಅವರು ಕೊಟ್ಟದ್ದು 16 ನಿಯಮಗಳು ಮತ್ತು ಸುಮಾರು 900 ಧಾತುಗಳು (ಪದಗಳ ಮೂಲರೂಪಗಳು) ಮಾತ್ರ. ಅದರಲ್ಲಿ ‘ಬೋನಾ’ ಎಂದರೆ ಒಳ್ಳೆಯ. ಪದದ ಆರಂಭದಲ್ಲಿ ‘ಮಾಲ್’ ಸೇರಿಸಿದರೆ ‘ಮಾಲ್ಬೋನಾ’, ಅಂದರೆ ಕೆಟ್ಟ. ಕೆಟ್ಟದ್ದಕ್ಕೆ ಸ್ವಂತ ಹೆಸರೇ ಇಲ್ಲದಿರುವುದು ನನಗಂತೂ ಸ್ವಲ್ಪ ಸಪ್ಪೆಯೆನಿಸುತ್ತದೆ, ಆದರೆ ಇಂಥ ಒಂದೇ ಪ್ರತ್ಯಯವು ನೂರಾರು ಪದಗಳ ಶ್ರಮವನ್ನು ಉಳಿಸುತ್ತದೆ.

ಉತ್ತರ 3: ಧ್ವನಿಗಳನ್ನೂ ಮೊದಲೇ ಆರಿಸಿಕೊಳ್ಳಿ. ‘ಟೋಕಿ ಪೋನ’ ಎಂಬ ಕೃತಕ ಭಾಷೆ ಕೇವಲ 14 ಧ್ವನಿಗಳಲ್ಲಿ ನಡೆಯುತ್ತದೆ. ಮಹಾಪ್ರಾಣಗಳನ್ನೂ ಳಕಾರವನ್ನೂ ಬಿಟ್ಟುನೋಡಿದರೆ ನಿಮ್ಮ ಪದಗಳ ಕನ್ನಡದ ಛಾಯೆ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪಟ್ಟಿಯನ್ನು ಬದಿಗಿಟ್ಟು, ‘ಹಸಿವು ನನ್ನ ಮೇಲೆ ಕುಳಿತಿದೆ’ ಎನ್ನುವ ವಾಕ್ಯರಚನೆಯಿಂದ ಮತ್ತೆ ಆರಂಭಿಸಿದ್ದೇನೆ.