ಬಯಲಿನ ಪೆಟ್ಟಿಗೆಗೆ ಫ್ಯಾನ್ ಸಾಕೇ, ಎ.ಸಿ. ಬೇಕೇ?

ಪ್ರಶ್ನೆ (ಸಿಂಧನೂರಿನಿಂದ): ನಮಸ್ಕಾರ ಸರ್. ನಮ್ಮದು ಹಳ್ಳಿಗಳಿಗೆ ಫೈಬರ್ ಇಂಟರ್‌ನೆಟ್ ಕೊಡುವ ಸಣ್ಣ ವ್ಯವಹಾರ. ಕಂಬಕ್ಕೆ ಕಟ್ಟಿದ ಕಡುಬೂದು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿ ಸ್ವಿಚ್ (ಇಂಟರ್‌ನೆಟ್ ಸಂಪರ್ಕ ಹಂಚುವ ಯಂತ್ರ), ಇನ್ವರ್ಟರ್, ಬ್ಯಾಟರಿ ಇವೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಸ್ವಿಚ್ ಪದೇ ಪದೇ ಆಫ್ ಆಗುತ್ತದೆ. ಬ್ಯಾಟರಿ ಎರಡು ವರ್ಷವೂ ಬಾಳುವುದಿಲ್ಲ. ಎ.ಸಿ. ಹಾಕಿಸಲೇ?

ಉತ್ತರ: ನೀವು ಹೇಳಿದ ಹೊತ್ತು ನೋಡಿದರೆ ಪೆಟ್ಟಿಗೆಗೆ ಪಡುವಣ ಬಿಸಿಲು ನೇರವಾಗಿ ಬೀಳುತ್ತಿರಬೇಕು. ಎ.ಸಿ.ಗೆ ಮೊದಲು ನೆರಳು ಮಾಡಿ. ನೇರ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಾಖ ಸುರಿಯುತ್ತದೆ, ಕಡು ಬಣ್ಣದ ತಗಡು ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಒಳಗಿನ ಸಾಮಾನಿನ ಶಾಖ 150 ವ್ಯಾಟ್ ಇದ್ದರೆ ಹೆಚ್ಚು. ಪಡುವಣ ಬದಿಗೂ ಮೇಲಕ್ಕೂ ಎರಡು ಬೆರಳು ಅಂತರ ಬಿಟ್ಟು ಇನ್ನೊಂದು ತಗಡು ಕಟ್ಟಿ, ಬಿಳಿ ಬಣ್ಣ ಹೊಡೆಯಿರಿ.

ಆಮೇಲೆ ಫಿಲ್ಟರ್ ಇರುವ ಫ್ಯಾನ್. ಲೆಕ್ಕ ಸುಲಭ: ವ್ಯಾಟನ್ನು 3.1ರಿಂದ ಗುಣಿಸಿ, ಹೊರಗಿಗಿಂತ ಒಳಗೆ ಎಷ್ಟು ಡಿಗ್ರಿ ಹೆಚ್ಚಾದರೂ ನಡೆಯುತ್ತದೆಯೋ ಅದರಿಂದ ಭಾಗಿಸಿ. 150 ವ್ಯಾಟ್, 5 ಡಿಗ್ರಿ ಎಂದರೆ ಗಂಟೆಗೆ 93 ಘನಮೀಟರ್ ಗಾಳಿ. ಫಿಲ್ಟರ್ ಹಾಕಿದ ಮೇಲೂ ಇಷ್ಟು ಬರಬೇಕು. ನಿಮ್ಮ ಕಡೆಯ ಧೂಳಿಗೆ ತಿಂಗಳಿಗೊಮ್ಮೆ ಫಿಲ್ಟರ್ ಝಾಡಿಸದಿದ್ದರೆ ಫ್ಯಾನ್ ಇದ್ದೂ ಇಲ್ಲದಂತೆ.

ಫ್ಯಾನಿನಿಂದ ಒಳಗು ಹೊರಗಿಗಿಂತ ತಂಪಾಗುವುದಿಲ್ಲ. ಹೊರಗೆ 42 ಇದ್ದರೆ ಒಳಗೆ 47. ಹಾಗಾಗಿ ಸ್ವಿಚ್ಚನ್ನು 60 ಡಿಗ್ರಿ ತಡೆಯುವಂಥದ್ದೇ ಕೊಳ್ಳಿ. ಬ್ಯಾಟರಿಯನ್ನು ಮಾತ್ರ ದಯವಿಟ್ಟು ಬೇರೆ ಮಾಡಿ. ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದರಿಂದ ಜಲಜನಕವೂ ಹೊರಡುವುದರಿಂದ ಗಾಳಿಯಾಡುವ, ನೆರಳಿನ ಗೂಡೇ ಬೇಕು.

ಪ್ರಶ್ನೆ (ಕುಂದಾಪುರದಿಂದ): ಸರ್, ನಮ್ಮ ಕ್ಯಾಮೆರಾ ಕ್ಯಾಬಿನೆಟ್ಟಿಗೆ ಎ.ಸಿ. ಇದೆ, 22ಕ್ಕೆ ಇಟ್ಟಿದ್ದೇವೆ. ಆದರೂ ಬಾಗಿಲು ತೆರೆದು ಕೆಲಸ ಮಾಡುವಾಗ ಬೋರ್ಡಿನ ಮೇಲೆ ನೀರು ಕೂರುತ್ತದೆ, ವೈರು ಸೇರಿಸುವ ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು. ಎಲ್ಲಿ ಸೋರುತ್ತಿದೆ?

ಉತ್ತರ: ಸೋರಿಕೆಗಿಂತ ಆ 22ರ ಮೇಲೆಯೇ ನನ್ನ ಅನುಮಾನ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಮಳೆಗಾಲದಲ್ಲಿ ಕರಾವಳಿಯ ಗಾಳಿಯ ತೇವ 25 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಎ.ಸಿ.ಯನ್ನು 35ಕ್ಕೆ ಏರಿಸಿ.

ಕುಂದಾಪುರದವರು: 35ಕ್ಕೇ? ಸಾಮಾನು ಸುಟ್ಟುಹೋಗುವುದಿಲ್ಲವೇ?

ಉತ್ತರ: ಇಲ್ಲ. ಇಂಥ ಕ್ಯಾಬಿನೆಟ್ ಎ.ಸಿ.ಗಳನ್ನು ಸಾಮಾನ್ಯವಾಗಿ 35ಕ್ಕೇ ಹೊಂದಿಸುತ್ತಾರೆ. ನಿಮ್ಮ ಊರಿನಲ್ಲಿ ಹೊರಗಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿರುವ ಪೆಟ್ಟಿಗೆಯೇ ಒಣಗಿರುವ ಪೆಟ್ಟಿಗೆ. ರಾತ್ರಿ ಸಾಮಾನು ಆಫ್ ಇರುತ್ತದೆಯಾದರೆ ಹೈಗ್ರೋಸ್ಟ್ಯಾಟ್ (ತೇವ ಹೆಚ್ಚಾದಾಗ ತಾನೇ ಹೀಟರ್ ಆನ್ ಮಾಡುವ ಸಾಧನ) ಜೊತೆಗೆ ಚಿಕ್ಕ ಹೀಟರ್ ಹಾಕಿ. ಸಿಂಧನೂರಿನವರಿಗೆ ಹೇಳಿದ ಫ್ಯಾನ್ ಮಾತ್ರ ನಿಮಗೆ ಬೇಡ, ಅದು ಉಪ್ಪುಗಾಳಿಯನ್ನು ಎಳೆದು ತಂದು ಬೋರ್ಡಿಗೆ ಬಳಿಯುತ್ತದೆ. ಹಸಿರುಗಟ್ಟಿದ ಟರ್ಮಿನಲ್‌ಗಳನ್ನು ಈಗಲೇ ಬದಲಿಸಿ. ಕೇಬಲ್‌ಗಳು ಮೇಲಿನಿಂದ ಇಳಿದಿದ್ದರೆ ಮುಂದಿನ ಮಳೆಗೆ ಮುಂಚೆ ತಳದ ಗ್ಲ್ಯಾಂಡಿನಿಂದ (ಕೇಬಲ್ಲನ್ನು ಬಿಗಿಹಿಡಿದು ಸಂದು ಮುಚ್ಚುವ ಬಿರಡೆ) ಒಳಗೆ ತನ್ನಿ.