ಪದಚರ್ಚೆ: ‘ಲ್ಯಾಂಡ್‌ಮಾರ್ಕ್’ಗೆ ‘ಖೂನ’ ನಡೀತದೇನು? (ಹಿಮದ ಆಟದ ಸಬ್‌ಟೈಟಲ್, ಇವತ್ತು ರಾತ್ರಿಗೆ ಬೇಕು)

ಅನುವಾದಕಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ‘ದಿ ಲಾಂಗ್ ಡಾರ್ಕ್’ ಆಟದಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕು ಅಂತ ತಿಳಿಸುವ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಬರೀತಿದ್ದೀನಿ. ರಾತ್ರಿ ಹತ್ತಕ್ಕೆ ಫೈಲ್ ಕೊಡಬೇಕು. ಆಟ ಕೆನಡಾದ ಹಿಂಟರ್‌ಲ್ಯಾಂಡ್ ಕಂಪನಿಯದು. 2014ರಲ್ಲಿ ಅರೆಬರೆ ರೂಪದಲ್ಲಿ ಬಂತು, 2017ರಲ್ಲಿ ಅಧಿಕೃತವಾಗಿ ಬಿಡುಗಡೆಯಾಯ್ತು. ಚಳಿಗಾಲದ ಕಾಡು, ಒಬ್ಬನೇ ಮನುಷ್ಯ. ಪರದೆಯ ಮೂಲೆಯಲ್ಲಿ ಪುಟ್ಟ ನಕ್ಷೆ ಇರೋದಿಲ್ಲ, ದಿಕ್ಸೂಚಿಯೂ ಇಲ್ಲ. ನಕ್ಷೆ ಬೇಕಂದ್ರೆ ಇದ್ದಿಲಿನಿಂದ ಆಟಗಾರನೇ ಬರ್ಕೊಳ್ಳಬೇಕು. ಬರೆದ ಮೇಲೂ ತಾನು ಎಲ್ಲಿ ನಿಂತಿದ್ದೀನಿ ಅನ್ನೋದನ್ನ ಅದು ತೋರಿಸೋದಿಲ್ಲ.

ಮೂರು ಕಡೆ ಸಿಕ್ಕಿಕೊಂಡಿದ್ದೀನಿ. ಲ್ಯಾಂಡ್‌ಮಾರ್ಕ್: ದೂರದಿಂದ ಕಾಣುವ ಬೆಟ್ಟದ ತುದಿ, ದೀಪಸ್ತಂಭ, ಕಾವಲು ಗೋಪುರ ಇಂಥವು, ಸದ್ಯಕ್ಕೆ ‘ಖೂನ’ (ನಮ್ಮ ಕಡೆ ಗುರುತಿಗೆ ಹಾಗಂತಾರೆ) ಅಂತ ಹಾಕಿದ್ದೀನಿ. ಹ್ಯಾಂಡ್‌ರೇಲ್: ರೈಲು ಹಳಿ, ಹೊಳೆ, ರಸ್ತೆ ಇವುಗಳ ಜೊತೆಜೊತೆಗೇ ನಡೆಯೋದು, ಅನುವಾದದ ತಂತ್ರಾಂಶ ಇದನ್ನ ‘ಕೈಪಿಡಿ’ ಮಾಡಿಟ್ಟಿದೆ, ಅದು ಪುಸ್ತಕವಾಯ್ತು. ಮೂರನೇದು, ಹಿಮಗಾಳಿಯಲ್ಲಿ ಎಲ್ಲಾ ಬಿಳಿಯಾಗಿ ಏನೂ ಕಾಣದ ಸ್ಥಿತಿ, ವೈಟ್‌ಔಟ್. ಒಂದೊಂದು ಸಾಲೂ ಪರದೆ ಮೇಲೆ ಎರಡೇ ಸೆಕೆಂಡು ನಿಲ್ತದೆ, ಹಾಗಾಗಿ ಉದ್ದ ಪದ ಬೇಡ.

ನಿವೃತ್ತ ಪ್ರಾಧ್ಯಾಪಕ, ಬೀದರ್:

‘ಖೂನ’ ಸಲ್ಲದು. ‘ಹೆಗ್ಗುರುತು’ ಇದೆಯಲ್ಲ ತಾಯಿ. ಕುರುಹು, ಗುರುತು, ಗುರಿ ಮೂರೂ ಒಂದೇ ಬೇರಿನವು. ಹಳಗನ್ನಡದಲ್ಲಿ ಇವಕ್ಕೆ ಶಕಟರೇಫ, ಅಂದರೆ ಹಳೆಯ ‘ಱ’ ಅಕ್ಷರ. 1894ರ ಕಿಟೆಲ್ ನಿಘಂಟು ತೆರೆದರೆ ಕಾಣುತ್ತದೆ. ಗುರುತೂ ಗುರಿಯೂ ಒಂದೇ ಬಳ್ಳಿಯ ಕಾಯಿಗಳಾಗಿರುವಾಗ ನೋಡಿಕೊಂಡು ನಡೆಯುವ ವಸ್ತುವಿಗೆ ಇದಕ್ಕಿಂತ ತಕ್ಕ ಪದ ಯಾವುದು? ಹೆದ್ದಾರಿ, ಹೆಬ್ಬಾಗಿಲು ಜನರ ಬಾಯಲ್ಲಿ ನಿಂತಿವೆ. ಹೆಗ್ಗುರುತೂ ನಿಲ್ಲುತ್ತದೆ.

ದಿಕ್ಕುಗಳ ಹೆಸರು ಬಂದರೆ ಮೂಡಣ, ಪಡುವಣ, ತೆಂಕಣ, ಬಡಗಣ ಎಂದೇ ಬರೆಯಿರಿ.

ಭೂಮಾಪಕ, ಯಾದಗಿರಿ:

ಸರ್, ಸಲ್ಲದು ಅಂತ ಒಂದೇ ಮಾತಿನಾಗ ಮುಗಿಸಬ್ಯಾಡ್ರಿ. ‘ಖೂನ ಹಿಡದೆ’, ‘ಖೂನ ಹಾಕಿ ಇಡು’ ಅಂತ ನಮ್ಮ ಮೂರೂ ಜಿಲ್ಲಾದಾಗ ಹೊಲದವರು ದಿನಾ ಅಂತಾರ. ಅಳತಿಗೆ ಹೋದಾಗ ‘ಹೆಗ್ಗುರುತು ಎಲ್ಲದ’ ಅಂತ ಕೇಳಿದ್ರ ರೈತ ಮಾರಿ ನೋಡ್ತಾನ. ‘ಖೂನ ಎಲ್ಲದ’ ಅಂದ್ರ ಸೀದಾ ಬೇವಿನ ಗಿಡದ ಬುಡಕ್ಕ ಕರ್ಕೊಂಡು ಹೋಗ್ತಾನ. ಅಕ್ಕಾರೆ, ನೀವು ಹಾಕಿದ್ದೇ ಛಲೋ ಅದ.

ನಿವೃತ್ತ ಪ್ರಾಧ್ಯಾಪಕ, ಬೀದರ್:

ಬಳಕೆಯಲ್ಲಿದೆ ಎಂದಮಾತ್ರಕ್ಕೆ ಕನ್ನಡವಾಗುವುದಿಲ್ಲ. ಅದು ಮರಾಠಿಯ ‘ಖೂಣ’. ಮಹಾಪ್ರಾಣ ಹೊತ್ತ ಪದ ಅಚ್ಚಗನ್ನಡದ್ದಲ್ಲ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆಟಗಾರ, ಶಹಾಪುರ:

ಅಕ್ಕಾ, ಪದ ಯಾವುದೇ ಇರಲಿ, ಮೊದಲು ವಿಡಿಯೊದಾಗ ಇರೋದು ಒಂದು ವಸ್ತುವೋ ಎರಡೋ ಅಂತ ನೋಡ್ರಿ. ನನ್ನ ಪ್ರಕಾರ ಎರಡು.

ಒಂದು, ತಾನಾಗಿ ಅಲ್ಲಿರೋದು. ಆಟದಾಗಿನ ಡೆಸೊಲೇಶನ್ ಪಾಯಿಂಟ್‌ನ ದೀಪಸ್ತಂಭ, ಮಿಸ್ಟರಿ ಲೇಕ್‌ನ ಅರಣ್ಯ ಕಾವಲು ಗೋಪುರ, ಟಿಂಬರ್‌ವುಲ್ಫ್ ಪರ್ವತದ ಶಿಖರ. ಕಲಬುರಗಿಯಾಗ ಬಂದೇನವಾಜ್ ದರ್ಗಾದ ಗುಮ್ಮಟ ಎಡಕ್ಕ ಇಟ್ಕೊಂಡು ಹೋಗು ಅಂತಾರಲ್ಲ, ಹಂಗ ಇವನ್ನ ಎಡಕ್ಕೋ ಬಲಕ್ಕೋ ಇಟ್ಕೊಂಡು ನಡೀಬೇಕು. ಎರಡನೇದು, ಆಟಗಾರ ತಾನೇ ಹಾಕಿದ್ದು. ಸ್ಪ್ರೇ ಬಣ್ಣದ ಡಬ್ಬಿ ಸಿಗ್ತದ, ಅದರಿಂದ ಬಂಡೆಗಲ್ಲಿಗೋ ಗಿಡದ ಬೊಡ್ಡಿಗೋ ಚಿಹ್ನೆ ಹೊಡೀಬಹುದು. ಹೊಸಬರು ತಪ್ಪೋದು ಇಲ್ಲೇ: ಹೋಗುವಾಗ ಕಣ್ಣಿಗೆ ಬೀಳೋ ಮಗ್ಗಲಿಗೆ ಬಣ್ಣ ಹೊಡೀತಾರ. ಗುರುತು ಬೇಕಾಗೋದು ವಾಪಸ್ ಬರುವಾಗ. ಅದಕ್ಕ ಬಂಡೆ ದಾಟಿ ಹೋಗಿ, ಹಿಂದ ತಿರುಗಿ, ಆ ಮಗ್ಗಲಿಗೆ ಹೊಡೀಬೇಕು. ಕವಲು ಬಂದಲ್ಲಿ, ಗವಿ ಬಾಯಾಗ, ಹಗ್ಗ ಇಳಿಬಿಟ್ಟಿರೋ ದಿನ್ನಿ ತುದಿಗೆ ತಪ್ಪದೇ ಹಾಕಬೇಕು. ಹಿಮದ ಮ್ಯಾಲಿನ ಹೆಜ್ಜೆ ನಂಬೋದು ಬ್ಯಾಡ, ಹೊಸ ಹಿಮ ಬಿದ್ರ ಮುಚ್ಚಿ ಹೋಗ್ತಾವ.

ಮೊದಲನೇದಕ್ಕ ಒಂದು ಪದ, ಎರಡನೇದಕ್ಕ ಇನ್ನೊಂದು ಇಡ್ರಿ. ಎರಡಕ್ಕೂ ‘ಗುರುತು’ ಅಂದ್ರ ‘ಗುರುತು ನೋಡಿ ನಡೆ’ ಅನ್ನೋ ಸಾಲಿನಾಗ ಬೆಟ್ಟ ನೋಡಬೇಕೋ ಬಣ್ಣ ಹುಡುಕಬೇಕೋ ತಿಳಿಯೋದಿಲ್ಲ.

ಅನುವಾದಕಿ, ಕಲಬುರಗಿ:

ಇದು ಬೇಕಿತ್ತು. ಹಾಗಾದ್ರೆ ಬೆಟ್ಟಕ್ಕೆ ಹೆಗ್ಗುರುತು, ಬಣ್ಣಕ್ಕೆ ಖೂನ ಅಂತ ಇಡಲೇ?

ಆಟಗಾರ, ಶಹಾಪುರ:

ಖೂನಕ್ಕ ಒಂದು ತೊಂದರಿ ಅದ, ಮಹಾಪ್ರಾಣದ್ದಲ್ಲ. ಮೈಸೂರು, ಶಿವಮೊಗ್ಗ ಕಡೆಯವರು ‘ಖೂನಿ’ ಅಷ್ಟೇ ಬಲ್ಲರು. ತೋಳ ಬೆನ್ನು ಹತ್ತೋ ಆಟದಾಗ ‘ಇಲ್ಲಿ ಖೂನ ಮಾಡು’ ಅಂತ ಎರಡು ಸೆಕೆಂಡು ಕಂಡ್ರ ಕೊಲೆ ಅಂತನೇ ಓದ್ತಾರ.

ಭೂಮಾಪಕ, ಯಾದಗಿರಿ:

ಆ ಖೂನಿ ಫಾರಸಿಯ ರಕ್ತ, ಈ ಖೂನ ಮರಾಠಿಯ ಗುರುತು. ಎರಡಕ್ಕೂ ಸಂಬಂಧ ಇಲ್ಲ. ಅವರಿಗೆ ತಿಳಿಯೋದಿಲ್ಲ ಅಂತ ನಮ್ಮ ಪದ ನಾವು ಬಿಡಬೇಕೇನು? ಅವರ ಪದ ನಾವು ಕಲ್ತಿಲ್ಲೇನು?

ನಿವೃತ್ತ ಪ್ರಾಧ್ಯಾಪಕ, ಬೀದರ್:

ನಮ್ಮದು, ಅವರದು ಎಂಬ ಮಾತಿಲ್ಲ. ಕನ್ನಡದ್ದು, ಕನ್ನಡದ್ದಲ್ಲದ್ದು ಎಂಬ ಮಾತು.

ಭೂಮಾಪಕ, ಯಾದಗಿರಿ:

ಹಂಗಾದ್ರ ‘ನಕ್ಷೆ’ ತೆಗೀರಿ ಸರ್. ಎಲ್ಲಾರೂ ಸಂಸ್ಕೃತ ಅಂತ ತಿಳ್ಕೊಂಡಾರ, ಖರೆ ಅಂದ್ರ ಅರಬ್ಬಿಯ ‘ನಕ್ಶ್’ನಿಂದ ಫಾರಸಿ ಹಾದು ಬಂದದ್ದು. ನಮ್ಮ ಹಳೇ ಮಂದಿ ಇನ್ನೂ ನಕಾಶಿ ಅಂತಾರ. ‘ರಸ್ತೆ’ ತೆಗೀರಿ, ಫಾರಸಿ. ಜಮೀನು, ಹದ್ದು, ತಹಸೀಲ್ದಾರ ಎಲ್ಲಾ ತೆಗೀರಿ. 1347ರಾಗ ಬಹಮನಿಯವರು ಕಲಬುರಗಿಯಾಗ ಗದ್ದುಗಿ ಏರಿದಾಗಿಂದ 1948ರ ತನಕ ಈ ನೆಲದ ಲೆಕ್ಕಪತ್ರ ಯಾವ ಭಾಷಾದಾಗ ನಡೀತು ಅಂತ ನಿಮಗೆ ಹೇಳಬೇಕಾಗಿಲ್ಲ. ಹೊಲದವ ಆ ಪದ ತಗೊಂಡು ತನ್ನ ಬಾಯಿಗೆ ಒಗ್ಗಿಸ್ಕೊಂಡ. ಅದು ಈಗ ಅವನದು.

ನಿವೃತ್ತ ಪ್ರಾಧ್ಯಾಪಕ, ಬೀದರ್:

ನಕ್ಷೆ ಇಡೀ ನಾಡಿಗೆ ತಿಳಿಯುತ್ತದೆ. ಅದನ್ನು ಕೀಳಬೇಕೆಂದು ನಾನು ಹೇಳಿಲ್ಲ. ಇರುವ ಪದವನ್ನು ತಳ್ಳಿ ಎರವಲನ್ನು ಕೂರಿಸಬೇಡಿ ಎಂಬುದಷ್ಟೇ ನನ್ನ ವಾದ. ಮಳಖೇಡದ ನೆಲದವರಾದ ನಮಗೆ ಪದದ ಬರ ಬಂದಿಲ್ಲ. ಬಣ್ಣದ ಚಿಹ್ನೆಗೆ ‘ಕುರುಹು’ ಎನ್ನಿ. ಇದಕ್ಕೂ ತಕರಾರು ಇದೆಯೇ?

ಭೂಮಾಪಕ, ಯಾದಗಿರಿ:

‘ತಕರಾರು’ ಅರಬ್ಬಿ ಸರ್.

ಅನುವಾದಕಿ, ಕಲಬುರಗಿ:

ದಯವಿಟ್ಟು ಸರ್, ಅಣ್ಣಾರೆ, ಆ ಚರ್ಚೆ ನಾಳೆ ಮುಂದುವರಿಸೋಣ. ಹೆಗ್ಗುರುತು ಮತ್ತು ಕುರುಹು ತಗೊಂಡೆ. ಮೂಡಣ, ಪಡುವಣ ಓದಿದ ಕೂಡಲೇ ತಿಳೀತವೆ, ಇಟ್ಕೋತೀನಿ. ತೆಂಕಣ, ಬಡಗಣ ಓದಿ ಹುಡುಗರು ನಿಂತು ಯೋಚಿಸ್ತಾರೆ, ಅಲ್ಲಿ ದಕ್ಷಿಣ, ಉತ್ತರವೇ ಇರಲಿ. ಹ್ಯಾಂಡ್‌ರೇಲ್‌ಗೆ ಏನು?

ನಿವೃತ್ತ ಪ್ರಾಧ್ಯಾಪಕ, ಬೀದರ್:

ಎರಡು ಕನ್ನಡ, ಎರಡು ಸಂಸ್ಕೃತ! ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಹ್ಯಾಂಡ್‌ರೇಲ್‌ಗೆ ‘ಆಸರೆಗೆರೆ’ ಆಗಬಹುದು.

ಆಟಗಾರ, ಶಹಾಪುರ:

ಹೆಸರುಪದನೇ ಬ್ಯಾಡ. ಕನ್ನಡದಾಗ ‘ಹಿಡಿ’ ಅನ್ನೋ ಕ್ರಿಯಾಪದ ಈ ಕೆಲಸಕ್ಕೇ ಅದ. ‘ಹಳಿ ಹಿಡಿದು ನಡೆ’, ‘ಹೊಳೆ ದಂಡೆ ಹಿಡಿ’ ಅಂದ್ರ ಮುಗೀತು. ಮಿಸ್ಟರಿ ಲೇಕ್ ಪ್ರದೇಶದಾಗ ರೈಲು ಹಳಿ ಉದ್ದಕ್ಕೂ ಹಾದು ಹೋಗ್ತದ, ಕೋಸ್ಟಲ್ ಹೈವೇದಾಗ ಡಾಂಬರ್ ರಸ್ತೆ ಸಮುದ್ರದ ಮಗ್ಗಲಿಗೇ ಸಾಗ್ತದ. ದಾರಿ ತಪ್ಪಿದವ ಮನೆ ಹುಡುಕಬಾರದು, ಇಂಥಾ ಉದ್ದನ್ನ ಗೆರೆ ಹುಡುಕಬೇಕು. ಮನೆ ಅಂದ್ರ ಒಂದು ಚುಕ್ಕಿ, ಹತ್ತು ಮಾರು ಆಚೆ ಹಾದು ಹೋದ್ರೂ ತಪ್ತದ. ಗೆರೆ ಅಡ್ಡ ಬಿದ್ದಿರ್ತದ, ಎಲ್ಲಿಂದ ಹೋದ್ರೂ ಕಾಲಿಗೆ ಸಿಗ್ತದ.

ವಿಡಿಯೊದಾಗ ಇನ್ನೊಂದು ಮಾತು ಬರ್ತದ, ಅದನ್ನ ಸಣ್ಣದು ಅಂತ ಬಿಡಬ್ಯಾಡ್ರಿ: ಬೇಕಂತಲೇ ಒಂದು ಮಗ್ಗಲಿಗೆ ಸರಿದು ಹೋಗೋದು. ಗುಡಿಸಲು ಕೆರೆ ದಂಡಿ ಮ್ಯಾಲದ ಅಂತ ಇಟ್ಕೊಳ್ರಿ. ಅದಕ್ಕೇ ಗುರಿ ಇಟ್ಟು ಸೀದಾ ಹೋಗಿ ದಂಡಿ ಮುಟ್ಟಿದಾಗ ಗುಡಿಸಲು ಕಾಣಲಿಲ್ಲಂದ್ರ, ಎಡಕ್ಕ ಹೋಗಬೇಕೋ ಬಲಕ್ಕ ಹೋಗಬೇಕೋ ಗೊತ್ತಾಗೋದಿಲ್ಲ. ಮೊದಲೇ ಗುಡಿಸಲಿಂದ ಎಡಕ್ಕ ಸರಿದ ಜಾಗಕ್ಕ ಗುರಿ ಇಟ್ಟು ಹೋದ್ರ, ದಂಡಿ ಸಿಕ್ಕ ಕೂಡಲೇ ಬಲಕ್ಕ ಹೊರಳಿದ್ರ ಆಯ್ತು, ಗುಡಿಸಲು ಅಲ್ಲೇ. ‘ಓರೆಯಾಗಿ ಹೋಗು’ ಅಂತ ಬರೀಬ್ಯಾಡ್ರಿ, ಸೊಟ್ಟ ನಡೆಯೋದು ಅಂತ ಅರ್ಥ ಆಗ್ತದ. ‘ಬೇಕಂತಲೇ ಎಡಕ್ಕೆ ಗುರಿಯಿಡು’ ಅಂತ ಹಾಕ್ರಿ.

ಭೂಮಾಪಕ, ಯಾದಗಿರಿ:

‘ಹಿಡಿ’ ಒಪ್ಪಿದೆ. ಇದೇ ಖರೆ ಕನ್ನಡ ನೋಡ್ರಿ. ಆಸರೆಗೆರೆ ಯಾರ ಬಾಯಾಗೂ ಹುಟ್ಟಿದ್ದಲ್ಲ.

ನಿವೃತ್ತ ಪ್ರಾಧ್ಯಾಪಕ, ಬೀದರ್:

ಒಪ್ಪಿದೆ, ‘ಹಿಡಿ’ ಇರಲಿ. ವೈಟ್‌ಔಟ್‌ಗೆ ‘ಬೆಳ್ಗತ್ತಲೆ’. ಬೆಳ್ + ಕತ್ತಲೆ, ಬೆಳ್ಗೊಡೆಯ (ಬಿಳಿಯ ಕೊಡೆ) ಹಾಗೆ. ಕತ್ತಲೆಯಲ್ಲಿ ಕಾಣದಿರುವುದು ಕಪ್ಪಿನಿಂದ, ಇಲ್ಲಿ ಬಿಳುಪಿನಿಂದ.

ಆಟಗಾರ, ಶಹಾಪುರ:

ಸರ್, ಪದ ಬಾಳ ಛಂದ ಅದ. ಆದ್ರ ಎರಡು ಮಾತು. ಆಟದಾಗ ‘ವೈಟ್‌ಔಟ್’ ಅಂತ ಒಂದು ಸವಾಲಿನ ಹೆಸರೇ ಅದ, ದೊಡ್ಡ ಹಿಮಗಾಳಿ ಬರೋದರೊಳಗ ಸಾಮಾನು ಕೂಡಿಹಾಕೋದು. ಆ ಹೆಸರು ಬಂದಲ್ಲಿ ಅನುವಾದ ಬ್ಯಾಡ, ಹಂಗೇ ಬಿಡ್ರಿ. ಎರಡನೇದು, ರಾತ್ರಿಯೂ ಇದೇ ಆಟದಾಗ ಅದ. ಕತ್ತಲೆ ಅಂತ ಓದಿದವ ಪಂಜು ಹಚ್ಚಲಿಕ್ಕ ಹೋಗ್ತಾನ. ಹಿಮಗಾಳಿಯಾಗ ಪಂಜು ಆರಿ ಹೋಗ್ತದ, ಮುಂದಿಂದು ಕಾಣಸೋದೂ ಇಲ್ಲ. ಅದಕ್ಕ ಮೊದಲ ಸಲ ‘ಬೆಳ್ಗತ್ತಲೆ: ಎಲ್ಲಾ ಬಿಳಿ, ಏನೂ ಕಾಣದು’ ಅಂತ ಪೂರ್ತಿ ಬರೀರಿ.

ಆ ಭಾಗದಾಗ ಕ್ರಮ ಹಿಂದುಮುಂದು ಆಗಬಾರದು. ಮೊದಲು ನಿಲ್ಲು. ಆಮ್ಯಾಲೆ ಕೊನೀಗೆ ಕಂಡ ಬಂಡೆ ಅಥವಾ ಗಿಡದ ಮರೆಗೆ ಹೋಗು. ಗಾಳಿಗೆ ಬೆನ್ನಾದ ಮಗ್ಗಲಿಗೆ ಬೆಂಕಿ ಹಚ್ಚು. ಗಾಳಿ ತಿರುಗಿದ್ರ ಬೆಂಕಿ ಆರ್ತದ, ಕಣ್ಣಿಡು. 15 ಕಟ್ಟಿಗೆ ಕಡ್ಡಿ, 5 ತುಂಡು ಬಟ್ಟೆ ಇದ್ರ ಹಿಮದ ಗೂಡು ಕಟ್ಟಬಹುದು. ನಡೆದೇ ಪಾರಾಗ್ತೀನಿ ಅನ್ನೋದು ಆಗಲಾರದ ಮಾತು. 2009ರಾಗ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಖರೆ ಕಾಡಿನಾಗ, ಮರುಭೂಮಿಯಾಗ ಜನರನ್ನ ನಡೆಸಿ ನೋಡಿದ್ರು. ಸೂರ್ಯ ಕಂಡ್ರ ನೆಟ್ಟಗ ನಡೆದ್ರು. ಮೋಡ ಮುಚ್ಚಿದಾಗ ಸೀದಾ ಹೊಂಟೀವಿ ಅನ್ಕೋತಲೇ ಸುತ್ತು ಹಾಕಿ ತಮ್ಮ ದಾರಿನೇ ತಾವು ಅಡ್ಡ ದಾಟಿದ್ರು.

ಇದ್ದಿಲಿನ ಸಾಲು ಇದಕ್ಕಿಂತ ಮೊದಲೇ ಬರಬೇಕು. ಆರಿದ ಬೆಂಕಿಯಿಂದ ಇದ್ದಿಲು ಆರಿಸ್ಕೊಂಡು, ಹಗಲು ಆಕಾಶ ತಿಳಿ ಇದ್ದಾಗ, ಬಯಲು ಎತ್ತರಕ್ಕ ಹೋಗಿ ನಕ್ಷೆ ಬರೀಬೇಕು. ಮನೆಯೊಳಗ, ರಾತ್ರಿ, ಮಂಜಿನಾಗ, ಹಿಮಗಾಳಿಯಾಗ ಆಟ ಬರೀಲಿಕ್ಕ ಬಿಡೋದಿಲ್ಲ. ದಾರಿ ತಪ್ಪಿದ ಮ್ಯಾಲೆ ಇದ್ದಿಲು ಹುಡುಕಿದ್ರ ಏನೂ ಉಪಯೋಗ ಇಲ್ಲ.

ಅನುವಾದಕಿ, ಕಲಬುರಗಿ:

ಸಾಲಿನ ಕ್ರಮ ಸರಿಪಡಿಸಿದೆ. ನೀವು ಈಗ ‘ಮಂಜಿನಾಗ’ ಅಂದ್ರಲ್ಲ, ನನ್ನ ಫೈಲಿನಲ್ಲಿ ಸ್ನೋ, ಫಾಗ್ ಎರಡಕ್ಕೂ ಮಂಜು ಅಂತಲೇ ಇದೆ.

ನಿವೃತ್ತ ಪ್ರಾಧ್ಯಾಪಕ, ಬೀದರ್:

ಮಂಜು ಅಚ್ಚಗನ್ನಡ, ಹಿಮ ಸಂಸ್ಕೃತ. ಮಂಜನ್ನು ಬಿಡಬೇಡಿ.

ಆಟಗಾರ, ಶಹಾಪುರ:

ಇದರಾಗ ಸರ್ ಮಾತು ಕೇಳಬ್ಯಾಡ್ರಿ ಅಕ್ಕಾ. ಬೀಳೋದು ಹಿಮ, ಕವಿಯೋದು ಮಂಜು. ಹಿಮ ಸಣ್ಣಗೆ ಬೀಳ್ತಿದ್ರ ನಡೀಬಹುದು. ಮಂಜು ಕವಿದ್ರ ನಿಲ್ಲಬೇಕು. ಎರಡಕ್ಕೂ ಒಂದೇ ಪದ ಹಾಕಿದ್ರ ಸಲಹೆನೇ ಉಲ್ಟಾ ಆಗ್ತದ.

ಭೂಮಾಪಕ, ಯಾದಗಿರಿ:

ಐಸಿಗೆ ‘ಬರ್ಫ’ ಹಾಕ್ರಿ. ಗೋಲಾ ಮಾರುವವನಿಂದ ಹಿಡಿದು ಎಲ್ಲಾರಿಗೂ ತಿಳೀತದ.

ನಿವೃತ್ತ ಪ್ರಾಧ್ಯಾಪಕ, ಬೀದರ್:

ಮತ್ತೆ ಫಾರಸಿ. ಮಂಜುಗಡ್ಡೆ ಎಲ್ಲಿ ಹೋಯಿತು?

ಅನುವಾದಕಿ, ಕಲಬುರಗಿ:

ಮಂಜುಗಡ್ಡೆಯೇ ಇರಲಿ ಅಣ್ಣಾರೆ, ಶಾಲೆ ಪುಸ್ತಕದಲ್ಲಿ ಎಲ್ಲರೂ ಓದಿದ್ದಾರೆ. ಕೊನೆಯ ಸಾಲು ಒಂದು ಉಳಿದಿದೆ: ಹೊಳೆ ಹಿಡಿದು ಹೋಗುವಾಗ ‘ದುರ್ಬಲ ಮಂಜುಗಡ್ಡೆ’ ಎಚ್ಚರಿಕೆ.

ಆಟಗಾರ, ಶಹಾಪುರ:

‘ದುರ್ಬಲ’ ಓದಿ ಮುಗಿಸೋದರೊಳಗ ಮುಳುಗಿರ್ತಾನ. ‘ತೆಳು ಗಡ್ಡೆ, ಹಿಂದೆ ಸರಿ’ ಅಂತ ಹಾಕ್ರಿ. ಅದರ ಮ್ಯಾಲೆ ಕಾಲಿಟ್ಟರೆ ಚಟಚಟ ಸಪ್ಪಳ ಬರ್ತದ. ಸಪ್ಪಳ ಕೇಳಿದ ಕೂಡಲೇ, ಬಂದ ಹೆಜ್ಜೆ ಮ್ಯಾಲೇ ಹಿಂದಕ್ಕ ಬರಬೇಕು, ಮುಂದಕ್ಕ ಓಡಬಾರದು. ಬಿದ್ರ ಅರಿವೆ ಎಲ್ಲಾ ತೊಯ್ದು ಮೈಮ್ಯಾಲೇ ಹೆಪ್ಪುಗಟ್ತಾವ, ಮೈ ಕಾವು ಇಳೀಲಿಕ್ಕೆ ಹತ್ತತದ. ಸಬ್‌ಟೈಟಲ್ ಸಪ್ಪಳಕ್ಕಿಂತ ಅರ್ಧ ಸೆಕೆಂಡು ಮೊದಲೇ ಬರೋ ಹಂಗ ನೋಡ್ರಿ.