ಡಯಾಲಿಸಿಸ್ ಶುರುವಾದ ಮೇಲೆ ಮನಸ್ಸು ಹಿಡಿದು ನಿಲ್ಲಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ತುಮಕೂರಿನಿಂದ):
ನಮ್ಮ ಯಜಮಾನರಿಗೆ 46 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಮನೆ ತುಂಬ ಮಾತಾಡಿಕೊಂಡಿದ್ದವರು ಈಗ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ‘ನಿಮಗೆಲ್ಲ ಭಾರವಾದೆ’ ಅನ್ನೋದೊಂದೇ ಮಾತು. ನೋಡೋಕೆ ಬಂದವರು ಧೈರ್ಯ ತಂದುಕೊಳ್ಳಿ ಅಂತ ಹೇಳಿ ಹೋಗ್ತಾರೆ. ಎಲ್ಲಿಂದ ತರೋದು? ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಶಿವಮೊಗ್ಗದ ಮೇಷ್ಟ್ರು:
ಅಮ್ಮಾ, ನಾನು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುವವನು. ಧೈರ್ಯದ ವಿಚಾರ ಆಮೇಲೆ ನೋಡೋಣ. ಮೊದಲು ಅವರ ಹಿಮೋಗ್ಲೋಬಿನ್ ಎಷ್ಟಿದೆ, ರಾತ್ರಿ ನಿದ್ದೆ ಬರುತ್ತಿದೆಯೇ ಅನ್ನೋದನ್ನು ವಿಚಾರಿಸಿ. ರಕ್ತ ಹುಟ್ಟಿಸಲು ಬೇಕಾದ ಎರಿತ್ರೋಪೊಯಟಿನ್ ಅನ್ನೋ ಹಾರ್ಮೋನು ಕಿಡ್ನಿಯಲ್ಲೇ ತಯಾರಾಗೋದು. ಕಿಡ್ನಿ ಸೋತರೆ ಅದೂ ಕಡಿಮೆಯಾಗುತ್ತದೆ. ರಕ್ತ ಇಳಿದವನಿಗೆ ಎದ್ದು ಕೂರೋದೂ ಬೇಡ ಅನಿಸುತ್ತದೆ, ನೋಡುವವರ ಕಣ್ಣಿಗೆ ಮಾತ್ರ ಅದು ಜೀವನವೇ ಬೇಸರವಾದ ಹಾಗೆ ಕಾಣುತ್ತದೆ. ಮೈ ತುರಿಕೆ, ರಾತ್ರಿಯಿಡೀ ಕಾಲಿನ ಚಡಪಡಿಕೆ, ಇವುಗಳಿಂದ ನಿದ್ದೆ ಕೆಟ್ಟರೂ ಅದೇ ಪಾಡು. ಇವಕ್ಕೆಲ್ಲ ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ಒಂದೊಂದಾಗಿ ಬಾಯಿಬಿಟ್ಟು ಹೇಳಬೇಕು. ಮೈಯ ಕಷ್ಟಕ್ಕೆ ಮನಸ್ಸನ್ನು ದೂರಬಾರದು.

ಇನ್ನು ನೀರು. ಈ ಕಾಯಿಲೆಯಲ್ಲಿ ಮನುಷ್ಯನನ್ನು ಕುಗ್ಗಿಸೋದು ಸೂಜಿಗಿಂತ ಹೆಚ್ಚಾಗಿ ಬಾಯಾರಿಕೆ ಅನ್ನೋದು ನನ್ನ ಅನುಭವ. ಅದರ ಜೊತೆಗೆ ಮನೆಮಂದಿಯ ಕಾವಲು ಬೇರೆ. ನಾನು ಲೋಟ ಮುಟ್ಟಿದರೆ ಸಾಕು, ಅಡುಗೆಮನೆಯಿಂದ ಮೂರು ತಲೆ ಇಣುಕುತ್ತಿದ್ದವು. ಐವತ್ತು ದಾಟಿದ ಗಂಡಸಿಗೆ ಒಂದು ಗುಟುಕು ನೀರಿನ ಸ್ವಾತಂತ್ರ್ಯವೂ ಇಲ್ಲವಾದರೆ ಉಳಿದದ್ದೇನು ಅನಿಸಿಬಿಡುತ್ತದೆ. ಆ ಲೆಕ್ಕವನ್ನು ನಾನೇ ತೆಗೆದುಕೊಂಡೆ. ಡಾಕ್ಟರು ದಿನಕ್ಕೆ ಎಷ್ಟು ಅಂತ ಹೇಳಿದ್ದಾರೋ ಅಷ್ಟು ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡುತ್ತೇನೆ. ಕಾಫಿ ಕುಡಿದರೆ ಅದೇ ಲೋಟದಲ್ಲಿ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿ ಕಟ್ಟೆಗೆ ಹಾಕುತ್ತೇನೆ. ಮಜ್ಜಿಗೆ, ಸಾರು, ಮಾತ್ರೆಗೆ ಕುಡಿದ ನೀರು, ಎಲ್ಲಕ್ಕೂ ಇದೇ ಲೆಕ್ಕ. ಸಂಜೆಗೆ ಬಾಟಲಿಯಲ್ಲಿ ಉಳಿದದ್ದು ನನ್ನದು, ಯಾರನ್ನೂ ಕೇಳಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳ ಬಿಟ್ಟ ಮೇಲೆ ಬಾಯಾರಿಕೆಯೂ ತಗ್ಗಿತು. ನಿಮ್ಮವರಿಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ. ಶುಗರ್ ಏರಿದರೂ ದಾಹ ಹೆಚ್ಚುತ್ತದೆ, ಅದನ್ನೂ ಗಮನಿಸಿ.

ಮತ್ತೊಂದು ಮಾತು ಹೇಳಲೇಬೇಕು. ಮೆಷಿನ್‌ನಿಂದ ಇಳಿದು ಬಂದ ದಿನ ತಲೆ ಭಾರ, ಮೈಯೆಲ್ಲ ಹಿಂಡಿದ ಹಾಗಿರುತ್ತದೆ. ‘ಸಾಕು, ಇನ್ನು ಹೋಗಲ್ಲ’ ಅನ್ನೋ ಮಾತು ಬರೋದು ಆಗಲೇ. ಆ ಹೊತ್ತಿನಲ್ಲಿ ವಾದಕ್ಕೆ ಇಳಿಯಬೇಡಿ. ಊಟ ಕೊಟ್ಟು ಮಲಗಲು ಬಿಡಿ, ದುಡ್ಡಿನ ವಿಚಾರವನ್ನಂತೂ ಎತ್ತಲೇಬೇಡಿ. ಆದರೆ ಆಡಿದ ಮಾತನ್ನು ಅಲ್ಲಿಗೇ ಬಿಡಲೂ ಬಾರದು. ಮಾರನೇ ದಿನ ಬೆಳಿಗ್ಗೆ ಹತ್ತಿರ ಕೂತು, ನಿನ್ನೆ ಹಾಗಂದಿರಲ್ಲ, ಏನಾಗುತ್ತಿದೆ ಅಂತ ಕೇಳಿ. ನನ್ನ ಹೆಂಡತಿ ಹಾಗೇ ಮಾಡುತ್ತಿದ್ದಳು. ಬೆಳಗಿನ ಹೊತ್ತಿನಲ್ಲಿ ನಾನು ನಿಜ ಹೇಳುತ್ತಿದ್ದೆ.

ಹುಬ್ಬಳ್ಳಿಯಿಂದ:
ಅಕ್ಕಾರ, ನಮ್ಮ ಮನಿಯವರದೂ ಇದ ಕತಿ ಇತ್ರಿ. ‘ನಾ ಭಾರ ಆಗೇನಿ’ ಅಂದಾಗೆಲ್ಲಾ ‘ಹಂಗೇನಿಲ್ಲ ಬಿಡ್ರಿ’ ಅಂತಿದ್ವಿ. ಅವರು ನಂಬತಿರಲಿಲ್ಲ. ಹೆಂಗ ನಂಬಬೇಕ್ರಿ, ಮನ್ಯಾಗ ಒಂದು ಕೆಲಸಾನೂ ಅವರ ಕೈಯಾಗ ಉಳಿದಿರಲಿಲ್ಲ. ಕರೆಂಟ್ ಬಿಲ್ಲಿನಿಂದ ಹಿಡದು ಮಗಳ ಕಾಲೇಜ್ ಫೀಸಿನ ತನಕ ಎಲ್ಲಾ ನಮ್ಮ ಮೈದುನ ನೋಡ್ಕೋತಿದ್ದ, ಪ್ರೀತಿಯಿಂದನ. ನಮ್ಮದು ಕಿರಾಣಿ ಅಂಗಡಿ. ಒಂದಿನ ನಮ್ಮ ಅತ್ತಿಯವರು ಉದ್ರಿ ಪುಸ್ತಕ ತಂದು ಅವರ ಮುಂದ ಇಟ್ಟು, ‘ಯಾರ್ಯಾರು ಕೊಡೋದೈತಿ, ನೀನ ಫೋನ್ ಹಚ್ಚಿ ಕೇಳು’ ಅಂದ್ರು. ಈಗ ಡಯಾಲಿಸಿಸ್ ಇಲ್ಲದ ದಿನ ಫೋನ್ ಹಿಡಕೊಂಡು ಕುಂಡ್ರತಾರ, ದನಿ ಏರಿಸಿ ಮಾತಾಡ್ತಾರ. ಆ ದನಿ ಕೇಳಿ ಭಾಳ ದಿನ ಆಗಿತ್ರಿ.

ನಿಮ್ಮ ಬಗ್ಗೆನೂ ಸ್ವಲ್ಪ ವಿಚಾರ ಮಾಡ್ರಿ. ವಾರದಾಗ ಒಂದು ಪಾಳಿಗೆ ನಮ್ಮ ಮೈದುನ ಜೋಡಿ ಹೋಗ್ತಾನ. ಅವತ್ತು ನಾ ಗುಡಿಗೆ ಹೋಗ್ತೀನಿ, ಇಲ್ಲಾಂದ್ರ ಸುಮ್ಮ ಮಲಗ್ತೀನಿ. ಯಾರೇನ ಅಂದ್ರೂ ಅದನ್ನ ಬಿಡಂಗಿಲ್ಲ.

ಮಂಗಳೂರಿನ ಡಯಾಲಿಸಿಸ್ ಟೆಕ್ನಿಷಿಯನ್:
ಮೇಡಂ, ‘ಭಾರವಾದೆ’ ಅನ್ನುವ ಮಾತು ಪದೇ ಪದೇ ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೇಳಿದ್ದಕ್ಕೇ ಎಷ್ಟೋ ಜನ ಹಗುರಾಗಿ ಅತ್ತುಬಿಡುತ್ತಾರೆ. ಡಯಾಲಿಸಿಸ್ ತಪ್ಪಿಸುವುದು, ಬೇಡವೆಂದದ್ದನ್ನು ಗೊತ್ತಿದ್ದೂ ತಿನ್ನುವುದು, ಇವನ್ನು ಬರೀ ಹಟ ಅಂದುಕೊಳ್ಳಬಾರದು. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರಿಗೆ ತೋರಿಸುವುದಾದರೆ ಡಯಾಲಿಸಿಸ್ ಆಗುತ್ತಿದೆ ಎಂದು ಮೊದಲೇ ಹೇಳಿ, ಕೆಲವು ಮಾತ್ರೆಗಳ ಪ್ರಮಾಣ ಇವರಿಗೆ ಬೇರೆ.

ನಮ್ಮ ಕಡೆಯಿಂದ ಒಂದು ಮಾತು. ಎರಡು ಸರದಿಯ ನಡುವೆ ತೂಕ ಹೆಚ್ಚು ಏರಿದ್ದರೆ ಅಷ್ಟೂ ನೀರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕಾಗುತ್ತದೆ. ಬಿಪಿ ಇಳಿಯುವುದು, ಕಾಲು ಸೆಟೆದು ಹಿಡಿದುಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಒಮ್ಮೆ ಆ ನೋವು ಉಂಡವರು ಮುಂದಿನ ಸಲ ಹೆದರಿಕೊಂಡೇ ಬರುತ್ತಾರೆ. ಹಾಗಿದ್ದರೆ ಸಿಬ್ಬಂದಿಗೆ ಹೇಳಿ, ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಸರಿಯಿದೆಯಾ ನೋಡಿ ಎಂದು ಡಾಕ್ಟರಿಗೂ ಕೇಳಿ. ಕೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ, ಅದರ ಮೇಲೆ ಬೆರಳಿಟ್ಟರೆ ಗುರ್‍ರ್ ಎಂದು ಮಿಡಿಯುತ್ತದಲ್ಲ, ಅದನ್ನು ದಿನಾ ಬೆಳಿಗ್ಗೆ ಅವರೇ ಮುಟ್ಟಿ ನೋಡಿಕೊಳ್ಳಲಿ. ಮಿಡಿತ ನಿಂತರೆ ತಡಮಾಡದೆ ಬರಬೇಕು. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬಾರದು. ಇದನ್ನೆಲ್ಲ ತಾನೇ ನೋಡಿಕೊಳ್ಳುವ ಪೇಷಂಟು ನಮ್ಮ ಹತ್ತಿರ ಪ್ರಶ್ನೆ ಕೇಳುತ್ತಾರೆ, ಜಗಳವನ್ನೂ ಆಡುತ್ತಾರೆ. ನನಗೆ ಅವರನ್ನು ಕಂಡರೆ ಸಮಾಧಾನ.

ಬೆಂಗಳೂರಿನಿಂದ, ಕಿಡ್ನಿ ಕಸಿ ಆದವರು:
ಕಸಿ ಸಾಧ್ಯವೇ ಅಂತ ಈಗಲೇ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರು) ಹತ್ತಿರ ಕೇಳಿಬಿಡಿ. ಮನೆಯಲ್ಲಿ ದಾನಿ ಇಲ್ಲದಿದ್ದರೆ ಆಸ್ಪತ್ರೆಯ ಮೂಲಕ ರಾಜ್ಯ ಸರ್ಕಾರದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಕಾಯೋದು ಬಹಳ ದಿನವಾಗಬಹುದು, ಹಾಗಂತ ಮದುವೆ, ಜಾತ್ರೆ, ಊರು ಎಲ್ಲ ಬಿಡಬೇಡಿ. ಹೋಗುವ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಮುಂಚೆಯೇ ಫೋನ್ ಮಾಡಿ ಒಂದು ಸರದಿ ಕಾದಿರಿಸಿಕೊಳ್ಳಬಹುದು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್ ಕೇಳುತ್ತಾರೆ, ಹೊಸದಾಗಿ ಮಾಡಿಸಿದ್ದು ಜೊತೆಗಿರಲಿ. ನಾನು ಡಯಾಲಿಸಿಸ್‌ನಲ್ಲಿದ್ದಾಗಲೇ ಹೀಗೆ ಏರ್ಪಾಡು ಮಾಡಿಕೊಂಡು ತಂಗಿಯ ಮದುವೆಗೆ ಉಡುಪಿಗೆ ಹೋಗಿ, ಧಾರೆಗೂ ನಿಂತಿದ್ದೆ.